ಹೊಸ ಯಂತ್ರವೋ, ದುರಸ್ತಿಯಾದ ಹಳತೋ?

ನಮ್ಮ ಅಡಿಕೆ ತೋಟಗಳಲ್ಲಿ ಕತ್ತಿ, ಹಾರೆ, ಪಿಕ್ಕಾಸುಗಳ ಪಕ್ಕದಲ್ಲಿ ಈಗ ಯಂತ್ರಗಳೂ ಬಂದು ನೆಲೆಯೂರಿವೆ. ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಯಂತ್ರ, ಕಬ್ಬಿಣ ತುಂಡರಿಸುವ ಗ್ರೈಂಡರು, ತೂತು ಕೊರೆಯುವ ಡ್ರಿಲ್ಲು, ಮದ್ದು ಬಿಡುವ ಪಂಪು ಇವುಗಳಲ್ಲಿ ಒಂದಾದರೂ ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯಗಳ ಸುತ್ತುಮುತ್ತಲಿನ ಅನೇಕ ಮನೆಗಳ ಜಗಲಿಯಲ್ಲಿ ಕಾಣಸಿಗುತ್ತದೆ. ಹೊತ್ತಿಗೆ ಸರಿಯಾಗಿ ಆಳುಗಳು ದೊರೆಯದ ಈ ಕಾಲದಲ್ಲಿ ಯಂತ್ರ ಬೇಕೋ ಬೇಡವೋ ಎಂಬ ಚರ್ಚೆಗೆ ಅರ್ಥವಿಲ್ಲ. ಈಗ ಕೃಷಿಕನ ಮುಂದಿರುವ ಪ್ರಶ್ನೆಯೇ ಬೇರೆ. ಪೂರ್ಣ ಕ್ರಯ ತೆತ್ತು ಹೊಸತನ್ನೇ ಕೊಳ್ಳುವುದೋ, ಅಥವಾ ಬಿಚ್ಚಿ ಸರಿಪಡಿಸಿ ಅರ್ಧ ಕ್ರಯಕ್ಕೆ ಮಾರುವ ಹಳತನ್ನು ಕೊಳ್ಳುವುದೋ?

ಪ್ರಶ್ನೆ ಸಣ್ಣದೆಂದು ಯಾರೂ ಭಾವಿಸಬಾರದು. ಒಂದು ಕೆಟ್ಟ ಯಂತ್ರ ಮನೆಗೆ ಬಂದರೆ ಹೋಗುವುದು ಬರೇ ಹಣವಲ್ಲ. ಹದ ತಪ್ಪಿದ ಕೆಲಸ ಹೋಗುತ್ತದೆ, ಕೆಲವೊಮ್ಮೆ ಬೆಳೆಯೂ ಹೋಗುತ್ತದೆ. ಗ್ರಹಚಾರ ಕೆಟ್ಟರೆ ಕೈಬೆರಳೂ ಕಣ್ಣೂ ಹೋಗುವುದುಂಟು. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಟ್ಟು, ಅದರ ಕಾರಣಗಳನ್ನು ಆಮೇಲೆ ಒಂದೊಂದಾಗಿ ಓದುಗರ ಮುಂದಿಡುತ್ತೇವೆ. ಕೈಯಲ್ಲಿ ಹಿಡಿದು ದುಡಿಸುವ ಯಂತ್ರವಾದರೆ ಹೊಸತನ್ನೇ ಕೊಳ್ಳಬೇಕು. ನೆಲದಲ್ಲಿ ಕುಳಿತು ದುಡಿಯುವ ಯಂತ್ರವಾದರೆ, ಬಿಚ್ಚಿ ನೋಡಿದ ಮೇಲೆ, ಹಳತೂ ಆದೀತು. ವರ್ಷಕ್ಕೆ ನಾಲ್ಕು ದಿನದ ಕೆಲಸ ಮಾತ್ರವಾದರೆ ಎರಡೂ ಬೇಡ, ಬಾಡಿಗೆ ಸಾಕು.

ಮೊದಲಾಗಿ 'ರೀಕಂಡೀಷನ್' ಎಂಬ ಮಾತಿನ ಅರ್ಥವನ್ನು ತಿಳಿದುಕೊಳ್ಳೋಣ. ಅಂಗಡಿಯವರ ಬಾಯಲ್ಲಿ ಈ ಮಾತು ಬಹಳ ಅಗ್ಗವಾಗಿದೆ. ನಿಜವಾದ ರೀಕಂಡೀಷನ್ ಎಂದರೆ ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿ, ತೊಳೆದು, ಸವೆದ ಬೇರಿಂಗು, ಪಿಸ್ಟನ್ ರಿಂಗು, ಸೀಲು, ಕಾರ್ಬನ್ ಬ್ರಷ್ಷುಗಳನ್ನು ಬದಲಿಸಿ, ಕೂಡಿಸಿ, ಓಡಿಸಿ ಪರೀಕ್ಷೆ ಮಾಡಿ ಕೊಡುವುದು. ಇದು ಯಂತ್ರಕ್ಕೆ ಮಾಡಿದ ಜೀರ್ಣೋದ್ಧಾರ. ಆದರೆ ಗೋಡೆ ಬಿರುಕುಬಿಟ್ಟ ಗುಡಿಗೆ ಸುಣ್ಣ ಬಳಿದ ಮಾತ್ರಕ್ಕೆ ಜೀರ್ಣೋದ್ಧಾರವಾಗುವುದಿಲ್ಲವಷ್ಟೆ? ಮಾರಾಟಕ್ಕೆ ಬರುವ ಹಳೆಯ ಯಂತ್ರಗಳಲ್ಲಿ ಸುಣ್ಣ ಬಳಿದವೂ ಇವೆ, ಜೀರ್ಣೋದ್ಧಾರವಾದವೂ ಇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಮಿರುಗುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಹಾಗಾದರೆ ಎರಡನ್ನು ಬೇರ್ಪಡಿಸಿ ತಿಳಿಯುವ ಬಗೆ ಹೇಗೆ? ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು ಎಂಬುದು ಶಿಕ್ಷಕ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಸೂತ್ರಗಳಲ್ಲಿ ಒಂದು. ಯಂತ್ರ ನಮ್ಮ ಜನಕ್ಕೆ ಹೊಸತಾದರೂ ದನ ಹೊಸತಲ್ಲ. ಕರೆಯುವ ಹಸುವನ್ನು ಕೊಳ್ಳಲು ಹೋದವರು ಹಲ್ಲು ನೋಡಿ ಪ್ರಾಯ ಎಣಿಸುತ್ತಾರೆ, ನಡೆಸಿ ನೋಡುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ, ಎರಡು ಹೊತ್ತು ಎದುರಿನಲ್ಲೇ ಹಾಲು ಕರೆಸುತ್ತಾರೆ, ಇಷ್ಟು ಒಳ್ಳೆಯ ಹಸುವನ್ನು ಯಾಕೆ ಮಾರುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿದ್ದನ್ನು ಕಂಡು ಯಾರೂ ಹಣ ಎಣಿಸಿ ಕೊಡುವುದಿಲ್ಲ. ಅದೇ ಜಾಣತನವನ್ನು ಯಂತ್ರದ ಅಂಗಡಿಯಲ್ಲಿಯೂ ತೋರಿಸಿದರೆ ಸಾಕು.

ಎರಡು ಸ್ಟ್ರೋಕಿನ ಪೆಟ್ರೋಲ್ ಯಂತ್ರದ 'ಹಲ್ಲು ನೋಡುವ' ಕ್ರಮ ಹೀಗೆ: ಹೊಗೆ ಹೋಗುವ ಸೈಲೆನ್ಸರನ್ನು ಕಳಚಿಸಿ, ಆ ತೂತಿಗೆ ಟಾರ್ಚು ಹಿಡಿಯಬೇಕು. ಅಲ್ಲಿಂದ ಪಿಸ್ಟನ್ನಿನ ಮೈ ಕಾಣುತ್ತದೆ. ಅದು ನುಣುಪಾಗಿದ್ದರೆ ಒಳ್ಳೆಯ ಲಕ್ಷಣ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳು ಬಿದ್ದಿದ್ದರೆ, ಪೆಟ್ರೋಲಿಗೆ ಎಣ್ಣೆಯನ್ನು ಸರಿಯಾಗಿ ಬೆರೆಸದೆ ಓಡಿಸಿಯೋ, ವಿಪರೀತ ಬಿಸಿಯಾಗಿಯೋ ಯಂತ್ರ ಒಮ್ಮೆ ಕಚ್ಚಿಕೊಂಡಿರಬೇಕೆಂದು ಊಹಿಸಬಹುದು. ಅಂಥದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಆಮೇಲೆ ಸ್ವಿಚ್ಚು ಆರಿಸಿ ಸ್ಟಾರ್ಟರಿನ ಹಗ್ಗವನ್ನು ನಿಧಾನವಾಗಿ ಎಳೆದು ನೋಡಬೇಕು. ಎಳೆಯುವಾಗ ನಡುನಡುವೆ ತಡೆ ಕೈಗೆ ತಿಳಿಯಬೇಕು. ಬಾವಿಗೆ ಬಿಟ್ಟ ಹಗ್ಗದಂತೆ ಸಲೀಸಾಗಿ ಬಂದರೆ ಎಂಜಿನ್ನಿನ ಒತ್ತಡ ಸೋರಿಹೋಗಿದೆ ಎಂದರ್ಥ. ಎರಡು ಹೊತ್ತು ಹಾಲು ಕರೆಸುವುದೆಂದರೆ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಕೆಲಸ ಮಾಡಿಸಿ ಬಿಸಿಯಾದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಸ್ಟಾರ್ಟ್ ಮಾಡಿಸುವುದು. ನಾವು ಹೋಗುವ ಮೊದಲೇ ಎಂಜಿನ್ನನ್ನು ಬಿಸಿಮಾಡಿ ಇಟ್ಟಿದ್ದಾರೆಯೇ ಎಂಬುದನ್ನು ಮುಟ್ಟಿ ತಿಳಿಯಬಹುದು. ಬಿಸಿ ಎಂಜಿನ್ನು ಎರಡನೆಯ ಸಲ ಹೊರಡಲು ಹಟಮಾಡಿದರೆ, ತೋಟದ ನಡುವೆಯೂ ಅದು ಹಾಗೆಯೇ ಹಟಮಾಡುವುದು ನಿಶ್ಚಯ.

ಹಳೆಯ ಪೆಟ್ರೋಲ್ ಯಂತ್ರಗಳ ವಿಷಯದಲ್ಲಿ ಇನ್ನೊಂದು ಹೊಸ ತೊಡಕು ಸೇರಿಕೊಂಡಿದೆ. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿದೆ. ಅದಕ್ಕೆ ಮೊದಲು ತಯಾರಾದ ಎಷ್ಟೋ ಯಂತ್ರಗಳ ರಬ್ಬರು ನಳಿಗೆಗಳೂ ಕಾರ್ಬ್ಯುರೇಟರಿನೊಳಗಿನ ತೆಳ್ಳಗಿನ ಡಯಾಫ್ರಮ್ಮೂ ಅಂಥ ಪೆಟ್ರೋಲನ್ನು ಗಮನದಲ್ಲಿಟ್ಟು ಮಾಡಿದವಲ್ಲ. ಅವು ಬೇಗನೆ ಕೆಡುವ ಸಂಭವ ಹೆಚ್ಚು. ಎಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣವೂ ಇರುವುದರಿಂದ ನಮ್ಮ ಮಳೆಗಾಲದ ತೇವದಲ್ಲಿ ಟ್ಯಾಂಕಿಯಲ್ಲೇ ಉಳಿದ ಪೆಟ್ರೋಲು ಯಂತ್ರಕ್ಕೆ ಶತ್ರು. ಹಳತನ್ನು ಕೊಳ್ಳುವವರು ಈ ರಬ್ಬರು ಭಾಗಗಳನ್ನು ಹೊಸತಾಗಿ ಹಾಕಿಸಿದ್ದಾರೆಯೇ ಎಂದು ಕೇಳಿ ನೋಡಬೇಕು. ಹೊಸತನ್ನು ಕೊಳ್ಳುವವರೂ ಯಾವ ಪೆಟ್ರೋಲು, ಎಷ್ಟು ಎಣ್ಣೆ ಎಂಬುದನ್ನು ಕಂಪೆನಿಯ ಕೈಪಿಡಿಯಿಂದಲೇ ತಿಳಿದುಕೊಳ್ಳಬೇಕು. ನೆರೆಮನೆಯ ಯಂತ್ರದ ಲೆಕ್ಕ ನಮ್ಮ ಯಂತ್ರಕ್ಕೆ ಸಲ್ಲದೆ ಹೋಗಬಹುದು.

ವಿದ್ಯುತ್ತಿನಿಂದ ನಡೆಯುವ ಗ್ರೈಂಡರು, ಡ್ರಿಲ್ಲುಗಳಲ್ಲಿ ಕಾರ್ಬನ್ ಬ್ರಷ್ಷು ಸವೆಯುವುದು ಸಹಜ. ಅದನ್ನು ಬದಲಿಸಲು ಹೆಚ್ಚು ಖರ್ಚಿಲ್ಲ. ಬೇರಿಂಗು ಬದಲಿಸುವುದೂ ಕಷ್ಟವಲ್ಲ. ಆದರೆ ಒಳಗಿನ ಆರ್ಮೇಚರು ಸುಟ್ಟು ಹೊಸತಾಗಿ ತಂತಿ ಸುತ್ತಿಸಿದ್ದಾದರೆ ಸಂಗತಿ ಬೇರೆಯಾಗುತ್ತದೆ. ಯಂತ್ರದ ಚೀಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಪದರದ ವಿದ್ಯುತ್ ರಕ್ಷಣೆ ಇದೆಯೆಂದೂ ಅರ್ತಿಂಗ್ ತಂತಿ ಬೇಕಿಲ್ಲವೆಂದೂ ತಿಳಿಯಬೇಕು. ಆ ರಕ್ಷಣೆಯನ್ನು ಕಂಪೆನಿಯವರು ತಮ್ಮ ಕಾರ್ಖಾನೆಯಲ್ಲಿ ಪರೀಕ್ಷಿಸಿ ಕೊಟ್ಟಿರುತ್ತಾರೆ. ರಸ್ತೆಬದಿಯಲ್ಲಿ ಬಿಚ್ಚಿ, ತಂತಿ ಸುತ್ತಿ, ಮತ್ತೆ ಜೋಡಿಸಿದ ಮೇಲೆ ಆ ಗುರುತು ಮಾತ್ರ ಮೈಮೇಲೆ ಉಳಿಯುತ್ತದೆ. ರಕ್ಷಣೆ ಉಳಿಯಿತೋ ಇಲ್ಲವೋ ಎಂಬುದನ್ನು ಮೆಗ್ಗರ್ ಎಂಬ ಉಪಕರಣದಿಂದ ನೋಡಿದ ಹೊರತು ಹೇಳುವಂತಿಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವ ನಮ್ಮ ಪದ್ಧತಿಗೆ ಇದು ಜೀವದ ಪ್ರಶ್ನೆ.

ಕೈಯಲ್ಲಿ ಹಿಡಿಯುವ ಯಂತ್ರ ಹೊಸತೇ ಆಗಬೇಕು ಎಂದು ನಾವು ಹಟ ಹಿಡಿಯುವ ಕಾರಣ ಇದೇ. ನಾಲ್ಕು ಇಂಚಿನ ಸಣ್ಣ ಗ್ರೈಂಡರಿನ ಚಕ್ರ ನಿಮಿಷಕ್ಕೆ 10,000ದಿಂದ 12,000 ಸುತ್ತು ತಿರುಗುತ್ತದೆ. ಏಳು ಇಂಚಿನ ದೊಡ್ಡ ಚಕ್ರ ತಾಳಿಕೊಳ್ಳುವ ವೇಗ ಸುಮಾರು 8,500 ಸುತ್ತು ಮಾತ್ರ. ಚಕ್ರದ ಮೇಲೆಯೇ ಇದನ್ನು ಅಚ್ಚು ಹಾಕಿರುತ್ತಾರೆ. ಹಳೆಯ ಯಂತ್ರಗಳಲ್ಲಿ ಎಷ್ಟೋ ಸಲ ಚಕ್ರದ ಮೇಲಿನ ರಕ್ಷಣೆಯ ಮುಚ್ಚಳ ಕಳೆದುಹೋಗಿರುತ್ತದೆ. ಮುಚ್ಚಳ ಇಲ್ಲದ ಯಂತ್ರಕ್ಕೆ ಯಾವ ಅಳತೆಯ ಚಕ್ರವನ್ನಾದರೂ ಸಿಕ್ಕಿಸಲು ಬರುತ್ತದೆ. ಹಾಗೆ ಸಿಕ್ಕಿಸಿದ ದೊಡ್ಡ ಚಕ್ರ ಒಡೆದು ಚೂರಾದರೆ ಅದರ ದಾರಿಯಲ್ಲಿ ನಿಂತವನನ್ನು ದೇವರೇ ಕಾಯಬೇಕು. ಕಳೆ ಕೊಚ್ಚುವ ಯಂತ್ರದ ಅಲಗಿನ ಮರೆ, ಗರಗಸ ಯಂತ್ರದ ಸರಪಳಿಯನ್ನು ತಟ್ಟನೆ ನಿಲ್ಲಿಸುವ ತಡೆ ಇವೂ ಹೀಗೆಯೇ. ಹಳೆಯ ಯಂತ್ರದಲ್ಲಿ ಮೊದಲು ಕಾಣೆಯಾಗುವ ಭಾಗಗಳು ಇವೇ. ಮಾರುವವರು ಕೊನೆಗೂ ಹಾಕಿಕೊಡದ ಭಾಗಗಳೂ ಇವೇ. ಯಾಕೆಂದರೆ ಇವಿಲ್ಲದಿದ್ದರೂ ಯಂತ್ರ ಓಡುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮಲ್ಲಿ ಯಂತ್ರವನ್ನು ಕೊಳ್ಳುವವರು ತೋಟದ ಯಜಮಾನರು. ಅದನ್ನು ಹೆಗಲಿಗೆ ಹಾಕಿಕೊಂಡು ನಡೆಸುವವರು ಬಹುಮಟ್ಟಿಗೆ ಕೂಲಿಗೆ ಬಂದವರು. ಅಗ್ಗದ ಯಂತ್ರದಿಂದಾದ ಉಳಿತಾಯ ಒಬ್ಬರ ಕಿಸೆಗೆ ಹೋಗುತ್ತದೆ. ಅದರ ಅಪಾಯ ಇನ್ನೊಬ್ಬರ ಬೆರಳಿಗೆ ಬರುತ್ತದೆ. ನಮ್ಮ ಸ್ವಂತ ಮಗನ ಕೈಗೆ ಕೊಡಲು ಅಂಜುವ ಯಂತ್ರವನ್ನು ಆಳಿನ ಕೈಗೆ ಕೊಡುವುದು ನ್ಯಾಯವಲ್ಲ. ಹತ್ತು ಸಾವಿರ ಉಳಿಯಿತೆಂದು ಸಂತೋಷಪಡುವ ಮೊದಲು ಈ ಒಂದು ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು.

ಬ್ಯಾಟರಿಯ ಯಂತ್ರಗಳನ್ನೂ ಇದೇ ಸಾಲಿಗೆ ಸೇರಿಸುತ್ತೇವೆ. ಬ್ಯಾಟರಿ ಬಳಸಿದರೂ ಮುಪ್ಪಾಗುತ್ತದೆ, ಬಳಸದೆ ಕಪಾಟಿನಲ್ಲಿಟ್ಟರೂ ಮುಪ್ಪಾಗುತ್ತದೆ. ಹೊಸ ಕವಚದೊಳಗೆ ಎಷ್ಟು ಹಳೆಯ ಸೆಲ್ಲುಗಳಿವೆ ಎಂಬುದು ಹೊರಗಿನಿಂದ ತಿಳಿಯುವಂತಿಲ್ಲ. ಬ್ಯಾಟರಿಯೇ ಅಂಥ ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲಾಗಿರುವಾಗ ಹಳತರಲ್ಲಿ ಲಾಭವೇನೂ ಇಲ್ಲ.

ಇನ್ನು ಹಳತನ್ನು ಧೈರ್ಯವಾಗಿ ಕೊಳ್ಳಬಹುದಾದ ಯಂತ್ರಗಳು ಯಾವುವು? ಮದ್ದು ಬಿಡುವ ಎಚ್.ಟಿ.ಪಿ. ಪಂಪು ಒಳ್ಳೆಯ ಉದಾಹರಣೆ. ಅದರ ದಪ್ಪ ಎರಕದ ಮೈ ಬೇಗ ಸವೆಯುವುದಿಲ್ಲ. ಸವೆಯುವುದು ಪಿಸ್ಟನ್ನಿನ ವಾಷರು, ವಾಲ್ವು, ಸೀಲುಗಳು. ಅವೆಲ್ಲ ಬಿಡಿಯಾಗಿ ಸಿಗುತ್ತವೆ, ಪೇಟೆಯ ಸಾಧಾರಣ ಮೆಕ್ಯಾನಿಕ್ಕೂ ಬದಲಿಸಬಲ್ಲ. ಮೋಟಾರು ಬೇರೆ, ಪಂಪು ಬೇರೆ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಯಂತ್ರ ನೆಲದಲ್ಲಿ ಕುಳಿತಿರುವುದರಿಂದ ಕೆಟ್ಟರೂ ಯಾರ ಮೈಗೂ ನೇರವಾಗಿ ಎರಗುವುದಿಲ್ಲ. ಬೆಲ್ಟಿಗೆ ಮರೆ ಇರಬೇಕು, ಮೋಟಾರಿಗೆ ಅರ್ತಿಂಗ್ ಇರಬೇಕು, ಇಷ್ಟೇ. ನಮ್ಮ ತೋಟದಲ್ಲಿಯೂ ಬಿಚ್ಚಿಸಿ ನೋಡಿ ಕೊಂಡ ಇಂಥ ಒಂದು ಹಳೆಯ ಪಂಪು ಕೆಲಸ ಮಾಡುತ್ತಿದೆ. ಕಳೆ ಕೊಚ್ಚುವ ಯಂತ್ರ ಮಾತ್ರ ಹೊಸತು. ನಿಲ್ಲಿಸಿ ಕೊರೆಯುವ ದೊಡ್ಡ ಡ್ರಿಲ್ಲು, ಅಡಿಕೆ ಸುಲಿಯುವ ಯಂತ್ರ, ನೀರೆತ್ತುವ ಮೋಟಾರು ಮೊದಲಾದವುಗಳಿಗೂ ಈ ಮಾತು ಅನ್ವಯಿಸುತ್ತದೆ.

ಆದರೂ ಪಂಪಿನ ವಿಷಯದಲ್ಲಿ ಕಾಲದ ಲೆಕ್ಕವನ್ನು ಮರೆಯಬಾರದು. ಮಹಾಳಿಗೆ ಶೇಕಡ ಒಂದರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40ರಿಂದ 45 ದಿನಗಳಲ್ಲಿ ಇನ್ನೊಂದು ಸಲ ಬಿಡಬೇಕೆಂಬುದು ನಮಗೆಲ್ಲ ತಿಳಿದದ್ದೇ. ಆ ನಡುವಿನ ನಾಲ್ಕು ಬಿಸಿಲಿನ ದಿನಗಳಲ್ಲಿ ಪಂಪು ಕೈಕೊಟ್ಟರೆ, ಮೆಕ್ಯಾನಿಕ್ಕು ಬರುವಷ್ಟರಲ್ಲಿ ಮಳೆಯೂ ಬರುತ್ತದೆ, ರೋಗವೂ ಬರುತ್ತದೆ. ಹಳೆಯ ಪಂಪನ್ನು ಕೊಳ್ಳುವುದಾದರೆ ಬೇಸಗೆಯ ಮೊದಲಲ್ಲೇ ಕೊಂಡು, ಬರೇ ನೀರು ತುಂಬಿಸಿ ಎರಡು ದಿನ ಓಡಿಸಿ, ಸವೆಯುವ ಭಾಗಗಳ ಒಂದು ಜತೆ ಮನೆಯಲ್ಲಿ ತಂದಿರಿಸಬೇಕು. ಮೈಲುತುತ್ತು ಕಬ್ಬಿಣವನ್ನು ತಿನ್ನುವುದರಿಂದ, ದ್ರಾವಣ ಹರಿಯುವ ಕಡೆ ಕಬ್ಬಿಣದ ಬದಲಿ ಭಾಗ ಹಾಕಿದ ಪಂಪನ್ನು ಒಪ್ಪಬಾರದು. ಮೇ ತಿಂಗಳ ಕೊನೆಯಲ್ಲಿ ಅವಸರದಿಂದ ಹಳತನ್ನು ಹುಡುಕುತ್ತ ಹೊರಟವರಿಗೆ ಅಗ್ಗವೂ ದೊರೆಯದು, ಒಳ್ಳೆಯದೂ ದೊರೆಯದು.

ಈಗ ಕಾಗದ, ಪೆನ್ಸಿಲು ತೆಗೆದುಕೊಂಡು ಒಂದು ಲೆಕ್ಕ ಮಾಡೋಣ. ಅಂಕೆಗಳು ಉದಾಹರಣೆಗೆ ಮಾತ್ರ. ಓದುಗರು ತಮ್ಮ ಊರಿನ ಕ್ರಯವನ್ನು ಹಾಕಿಕೊಳ್ಳಲಿ. ಕಳೆ ಕೊಚ್ಚುವ ಹೊಸ ಯಂತ್ರಕ್ಕೆ 18,000 ರೂಪಾಯಿ, ಹಳತಕ್ಕೆ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 60 ಗಂಟೆ ಕೆಲಸ. ಹೊಸತು ಎಂಟು ವರ್ಷ ಬಾಳಿ, ವರ್ಷಕ್ಕೆ 1,000 ರೂಪಾಯಿ ರಿಪೇರಿ ತಿಂದು, ಕೊನೆಗೆ 2,000ಕ್ಕೆ ಮಾರಿದರೆ ಒಟ್ಟು ಖರ್ಚು 24,000 ರೂಪಾಯಿ, ಕೆಲಸ 480 ಗಂಟೆ. ಗಂಟೆಗೆ 50 ರೂಪಾಯಿ ಬಿತ್ತು. ಹಳತು ಮೂರು ವರ್ಷ ಬಾಳಿ, ವರ್ಷಕ್ಕೆ 2,500 ರೂಪಾಯಿ ತಿಂದು, 500ಕ್ಕೆ ಗುಜರಿಗೆ ಹೋದರೆ ಖರ್ಚು 15,000 ರೂಪಾಯಿ, ಕೆಲಸ 180 ಗಂಟೆ. ಗಂಟೆಗೆ 83 ರೂಪಾಯಿ ದಾಟಿತು. ಅದೇ ಹಳತು ಐದು ವರ್ಷ ಬಾಳಿ, ವರ್ಷಕ್ಕೆ 1,500 ಮಾತ್ರ ತಿಂದರೆ ಖರ್ಚು ಅದೇ 15,000, ಕೆಲಸ 300 ಗಂಟೆ. ಗಂಟೆಗೆ ಸರಿಯಾಗಿ 50 ರೂಪಾಯಿ. ಅಂದರೆ ಹಳತು ಐದು ವರ್ಷ ಚೆನ್ನಾಗಿ ದುಡಿದರೂ ಹೊಸತಕ್ಕೆ ಸರಿಸಮವಾಯಿತೇ ಹೊರತು ಲಾಭವಾಗಲಿಲ್ಲ. ಅರ್ಧ ಕ್ರಯದ ಯಂತ್ರ ಅರ್ಧ ಖರ್ಚಿನ ಯಂತ್ರವಲ್ಲ ಎಂಬುದು ಈ ಲೆಕ್ಕದ ಸಾರಾಂಶ.

ಹೊಸತಕ್ಕೆ ಸರಕಾರದ ಸಹಾಯಧನ ದೊರೆತರೆ ತಕ್ಕಡಿ ಇನ್ನಷ್ಟು ಆ ಕಡೆಗೆ ತೂಗುತ್ತದೆ. 2014–15ರಲ್ಲಿ ಆರಂಭವಾದ ಕೇಂದ್ರ ಸರಕಾರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಯಂತ್ರವನ್ನೂ ಕೃಷಿಕನ ವರ್ಗವನ್ನೂ ಅನುಸರಿಸಿ ಶೇಕಡ 40ರಿಂದ 50ರವರೆಗೆ ಸಹಾಯಧನದ ಏರ್ಪಾಡಿದೆ. ಇದು ಹೊಸ ಯಂತ್ರಕ್ಕೆ ಮಾತ್ರ. ಮೇಲಿನ ಲೆಕ್ಕದಲ್ಲಿ 18,000ಕ್ಕೆ ಶೇಕಡ 40 ಕಳೆದರೆ ಗಂಟೆಯ ಖರ್ಚು 50ರಿಂದ 35 ರೂಪಾಯಿಗೆ ಇಳಿಯುತ್ತದೆ. ಆದರೆ ಯಂತ್ರ ಕೊಂಡು ಆಮೇಲೆ ಕೃಷಿಭವನಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ; ಮೊದಲು ವಿಚಾರಿಸಿ, ಅರ್ಜಿ ಹಾಕಿ, ಅನುಮತಿ ದೊರೆತ ಮೇಲೆ ಕೊಳ್ಳಬೇಕು. ಮಲೆಯಾಳ ಬಾರದೆಂದು ಹಿಂಜರಿಯುವವರು ನಮ್ಮಲ್ಲಿ ಇದ್ದಾರೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ತಮ್ಮ ಕುಂದುಕೊರತೆಯನ್ನು ಬರೆದು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಭಾಷೆಯ ಅಂಜಿಕೆಯಿಂದ ಸಲ್ಲಬೇಕಾದ ಸಹಾಯವನ್ನು ಬಿಟ್ಟು ಹಳೆಯ ಯಂತ್ರಕ್ಕೆ ಕೈಹಾಕುವುದು ಸರಿಯಲ್ಲ.

ಗಡಿಯ ಈಚೆಗಿರುವ ನಮಗೆ ಇನ್ನೂ ಒಂದು ವಿಶೇಷ ತೊಡಕುಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಾದರೂ ನಮ್ಮವರ ಪೇಟೆಯ ದಾರಿ ಇಂದಿಗೂ ವಿಟ್ಲ, ಪುತ್ತೂರು, ಮಂಗಳೂರಿನ ಕಡೆಗೂ ಇದೆ. ಮಾತು ತಿಳಿಯುವ ಅಂಗಡಿ, ಗುರುತಿನ ಜನ; ಹೋಗುವುದು ತಪ್ಪಲ್ಲ. ಆದರೆ ಯಂತ್ರ ಕೆಟ್ಟಾಗ ಮೂವತ್ತು ನಲವತ್ತು ಮೈಲು ಹೊತ್ತುಕೊಂಡು ಹೋಗುವವರು ಯಾರು? ಆದುದರಿಂದ ಹೊಸತಾಗಲಿ ಹಳತಾಗಲಿ, ಕೊಳ್ಳುವ ಮೊದಲು ನಮ್ಮ ಹತ್ತಿರದ ಪೇಟೆಯಲ್ಲಿ ಅದನ್ನು ಬಿಚ್ಚಬಲ್ಲವರು ಇದ್ದಾರೆಯೇ, ಬಿಡಿಭಾಗ ದೊರೆಯುತ್ತದೆಯೇ ಎಂದು ವಿಚಾರಿಸಬೇಕು. ಕುಂಬಳೆಯ ಮೆಕ್ಯಾನಿಕ್ಕು ರಿಪೇರಿ ಮಾಡಬಲ್ಲ ಸಾಧಾರಣ ಯಂತ್ರ, ಯಾರೂ ಮುಟ್ಟಲೊಲ್ಲದ ದೊಡ್ಡ ಹೆಸರಿನ ಯಂತ್ರಕ್ಕಿಂತ ಮೇಲು.

ಎರಡನೆಯದು ಬಿಲ್ಲಿನ ವಿಷಯ. ಹಳತನ್ನು ಮಾರುವವರು ಬಿಲ್ಲು ಕೇಳಿದರೆ ಮುಖ ಸಣ್ಣ ಮಾಡುತ್ತಾರೆ. ನಮ್ಮವರೂ ದಾಕ್ಷಿಣ್ಯಕ್ಕೆ ಸುಮ್ಮನಾಗುತ್ತಾರೆ. ಇದು ಕೂಡದು. ಯಂತ್ರದ ನಂಬ್ರ, ಬದಲಿಸಿದ ಭಾಗಗಳ ಪಟ್ಟಿ, ಎಷ್ಟು ತಿಂಗಳ ಹೊಣೆ, ಇವಿಷ್ಟನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡ ಯಂತ್ರದ ಬಗ್ಗೆ ಕಾಸರಗೋಡಿನ ಗ್ರಾಹಕ ಆಯೋಗದಲ್ಲಿ ನ್ಯಾಯ ಕೇಳಲು ಅಡ್ಡಿಯಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೂರು ಎರಡು ವರ್ಷಗಳ ಒಳಗಾಗಿರಬೇಕು. ಗಡಿನಾಡಿನವರಿಗೆಂದೇ ಮಾಡಿದಂತಿರುವ ಈ ಅನುಕೂಲ ಬಿಲ್ಲು ಇಲ್ಲದವನ ಕೈಗೆ ದಕ್ಕುವುದು ಬಹಳ ಕಷ್ಟ. ಬಿಲ್ಲು ಕೊಡಲೊಪ್ಪದ ಯಂತ್ರ ಎಷ್ಟೇ ಅಗ್ಗವಾದರೂ ಮುಗ್ಗಿದ ಜೋಳವೇ ಸರಿ.

ಹಾಗಾದರೆ ಹೊಸತಕ್ಕೆ ಹಣವಿಲ್ಲದ ಸಣ್ಣ ಕೃಷಿಕನ ಗತಿಯೇನು ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಅರ್ಧ ಎಕ್ರೆ ತೋಟದವನಿಗೆ ಕಳೆ ಕೊಚ್ಚುವ ಕೆಲಸ ವರ್ಷಕ್ಕೆ ಹತ್ತು ಗಂಟೆ ಇದ್ದರೆ ಹೆಚ್ಚು. ಅವನು ಹೊಸತನ್ನು ಕೊಂಡರೂ ನಷ್ಟ, ಹಳತನ್ನು ಕೊಂಡರೂ ನಷ್ಟ. ಯಂತ್ರಸಮೇತ ಬರುವವರಿಗೆ ದಿನದ ಬಾಡಿಗೆ ಕೊಡುವುದೇ ಮಿತವ್ಯಯ. ಎರಡು ಮೂರು ಎಕ್ರೆಯವರು ಮೂರು ಮನೆ ಸೇರಿ ಒಂದು ಹೊಸ ಯಂತ್ರ ಕೊಳ್ಳಬಹುದು. ಒಂದೊಂದು ಮನೆಗೆ ಬೀಳುವ ಪಾಲು 6,000 ರೂಪಾಯಿ. ಅಂದರೆ ಹಳೆಯ ಯಂತ್ರದ ಕ್ರಯಕ್ಕಿಂತಲೂ ಕಡಿಮೆ. ಕೂಡುಯಂತ್ರ ಜಗಳಕ್ಕೆ ಮೂಲ ಎನ್ನುವವರುಂಟು. ಒಂದು ನೋಟುಪುಸ್ತಕದಲ್ಲಿ ಯಾರು, ಯಾವ ದಿನ, ಎಷ್ಟು ಗಂಟೆ ಎಂದು ಬರೆದಿಟ್ಟು ಗಂಟೆಯ ಲೆಕ್ಕದಲ್ಲಿ ರಿಪೇರಿಯ ಹಣ ಕೂಡಿಸಿದರೆ ಜಗಳಕ್ಕೆ ಎಡೆಯಿರದು. ಒಂದೇ ಕಟ್ಟದ ನೀರನ್ನು ಸರದಿಯಲ್ಲಿ ಹಂಚಿಕೊಂಡು ತೋಟ ಬೆಳೆಸಿದ ಊರುಗಳವರು ನಾವು. ಒಂದು ಯಂತ್ರವನ್ನು ಹಂಚಿಕೊಳ್ಳಲಾರೆವೇ?

ಒಟ್ಟಿನಲ್ಲಿ, ಹಳತೆಂದು ಹೀಗಳೆಯುವುದೂ ಬೇಡ, ಹೊಸತೆಂದು ಮೆರೆಯುವುದೂ ಬೇಡ. ಅದು ಮೈಗೆ ತಾಗಿ ತಿರುಗುವುದೇ, ನೆಲದಲ್ಲಿ ಕುಳಿತು ತಿರುಗುವುದೇ, ಬಿಚ್ಚಿ ತೋರಿಸುತ್ತಾರೆಯೇ, ಬಿಲ್ಲು ಕೊಡುತ್ತಾರೆಯೇ, ಹತ್ತಿರದಲ್ಲಿ ರಿಪೇರಿ ಇದೆಯೇ, ವರ್ಷಕ್ಕೆ ಎಷ್ಟು ಗಂಟೆಯ ಕೆಲಸ? ಈ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಕಿಸೆಗೆ ಕೈಹಾಕಿದರೆ ಸಾಕು. ಹಳೆಯ ಯಂತ್ರ ಕೊಂಡು ಲಾಭ ಕಂಡವರೂ ನಷ್ಟ ಕಂಡವರೂ ತಮ್ಮ ಅನುಭವವನ್ನು, ಕೊಂಡ ಕ್ರಯ ಮತ್ತು ಬಾಳಿದ ವರ್ಷಗಳ ಲೆಕ್ಕದೊಡನೆ, ಈ ಪುಟಕ್ಕೆ ಬರೆದು ಕಳುಹಿಸಿದರೆ ಇತರರಿಗೆ ಉಪಕಾರವಾದೀತು.